ಮೀನಿನ ಮಿಕ್ಸಿ, ಮೀನಿಲ್ಲದ ಮಿಕ್ಸಿ

ನಮ್ಮ ಅಡಿಗೆಕಟ್ಟೆಯ ಮೇಲೆ ಎರಡು ಮಿಕ್ಸಿಗಳಿವೆ. ಮನೆಗೆ ಬಂದವರು ಅವನ್ನು ನೋಡಿ, ಒಂದು ಕೆಟ್ಟಿರಬೇಕು, ಗುಜರಿಗೆ ಕೊಡಲು ಇವರಿಗೆ ಮನಸ್ಸು ಬಂದಿಲ್ಲ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ, ಎರಡೂ ಊರಿಗೆಲ್ಲ ಕೇಳುವಷ್ಟು ಜೋರಾಗಿಯೇ ತಿರುಗುತ್ತವೆ. ಒಂದು ಮೀನಿನದು, ಇನ್ನೊಂದು ಮೀನಿಲ್ಲದ್ದು, ಅಷ್ಟೇ. ಅಂಕೋಲೆಯಲ್ಲಿ ಈ ವಿಷಯಕ್ಕೆ ಯಾರೂ ವಿವರಣೆ ಕೇಳುವುದಿಲ್ಲ. ಬಯಲುಸೀಮೆಯಿಂದ ವರ್ಗವಾಗಿ ಬಂದ ನನ್ನ ಸಹೋದ್ಯೋಗಿ ಗೆಳತಿಗೆ ಮಾತ್ರ ಚಹಾ ಆರುವ ತನಕ ತಿಳಿಸಿ ಹೇಳಬೇಕಾಯಿತು. ಜಾರನ್ನು ಸೋಪು ಹಾಕಿ ತೊಳೆದರೆ ಸಾಲದೇ ಎಂದು ಅವಳ ಪ್ರಶ್ನೆ. ತೊಳೆದರೆ ಜಾರು ಸ್ವಚ್ಛವಾಗುತ್ತದೆಯೇ ಹೊರತು ಮೀನಿಲ್ಲದ್ದಾಗುವುದಿಲ್ಲ. ಬಂಗ್ಡೆ ಸಾರಿನ ಮಸಾಲೆಯನ್ನು ಒಮ್ಮೆ ಅರೆದ ಯಂತ್ರ ಜನ್ಮಪೂರ್ತಿ ಮೀನಿನ ಯಂತ್ರವೇ. ಚೌತಿಯ ಪಾಯಸಕ್ಕೆ ಅದರಲ್ಲಿ ಕಾಯಿ ಅರೆಯುವ ಮಾತೇ ಇಲ್ಲ.

ಹೀಗಾಗಿ ಹೊಸ ಯಂತ್ರವೊಂದನ್ನು ಆರಿಸುವುದೆಂದರೆ ನಮ್ಮ ಮನೆಯಲ್ಲಿ ಸಣ್ಣ ಕೆಲಸವಲ್ಲ. ಅಂಗಡಿಯವನು ಎಷ್ಟು ಲೀಟರಿನದು ಬೇಕು, ಎಷ್ಟು ವ್ಯಾಟಿನದು ಬೇಕು, ಕಪ್ಪೋ ಕೆಂಪೋ ಎಂದು ಬಾಯಿಪಾಠ ಒಪ್ಪಿಸುತ್ತಿರುವಾಗ ನಾನು ಯಾವ ಕಂಪನಿಯೂ ಡಬ್ಬದ ಮೇಲೆ ಅಚ್ಚು ಹಾಕಿಸದ ಪ್ರಶ್ನೆಯೊಂದನ್ನು ಮನಸ್ಸಿನಲ್ಲಿ ಉರುಳಿಸುತ್ತಿರುತ್ತೇನೆ: ಇದು ಯಾವ ಪಕ್ಷ ಸೇರಬೇಕು? ಸೇರಿದ ಮೇಲೂ ನಂಬಿಕೆಯಿಲ್ಲ. ನಮ್ಮ ಓವನ್ ಹುಟ್ಟಿದ್ದು ಮೀನಿಲ್ಲದ ಪಕ್ಷದಲ್ಲಿ. ಒಂದು ಭಾನುವಾರ ನಾನು ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದ್ದಾಗ ನನ್ನ ಗಂಡ, ಅಂದರೆ ಓದು ಬರಹ ಬಲ್ಲ ಹೈಸ್ಕೂಲು ಮಾಸ್ತರರು, ಹಿಂದಿನ ದಿನದ ತಾರ್ಲೆ ಮೀನಿನ ಸಾರನ್ನು ಅದರಲ್ಲಿ ಬಿಸಿ ಮಾಡಿ ಅದರ ಪಕ್ಷಾಂತರ ಮಾಡಿಸಿಬಿಟ್ಟರು. ಅಂದಿನಿಂದ ಅದು ಎದುರು ಸಾಲಿನಲ್ಲಿ ಕೂತಿದೆ. ಇಷ್ಟಾದ ಮೇಲೆ ಜಾಗದ ಪಂಚಾಯ್ತಿಯೂ ಉಂಟಲ್ಲ! ಕಟ್ಟೆ ಇರುವುದು ಮೊಳಕೈ ಆಡಿಸುವಷ್ಟು. ಅದರಲ್ಲೇ ಗ್ಯಾಸು, ಗ್ರೈಂಡರು, ಎರಡು ಮಿಕ್ಸಿ, ಒಂದು ಓವನ್ನು. ಪ್ಲಗ್ಗಿನ ತೂತುಗಳೋ ಮನೆ ಕಟ್ಟಿಸಿದವನ ಜಿಪುಣತನಕ್ಕೆ ಸಾಕ್ಷಿಯಾಗಿ ಮೂಲೆಯಲ್ಲಿ ಜೋಡಿಯಾಗಿ ನಿಂತಿವೆ.

ಮೀನಿಲ್ಲದ ಪಕ್ಷಕ್ಕೆ ನಮ್ಮಲ್ಲಿ ಸೋಮವಾರದ ಮಟ್ಟಿಗೆ ಎಲ್ಲರೂ ಸದಸ್ಯರು. ದಿನಾಲೂ ಅದರಲ್ಲಿದ್ದವರು ನಮ್ಮತ್ತೆ ಒಬ್ಬರೇ. ಇದು ಅಚ್ಚರಿಯ ಸಂಗತಿ, ಏಕೆಂದರೆ ಅತ್ತೆ ಕಡಲತಡಿಯ ಕೇಣಿ ಊರಿನವರು. ಸಮುದ್ರದ ಸದ್ದು ಕೇಳುತ್ತ ಬೆಳೆದವರು, ಮುಚ್ಚಿದ ಮೀನುಬುಟ್ಟಿಯ ವಾಸನೆ ಹಿಡಿದೇ ಒಳಗಿರುವುದು ನೊಗ್ಲಿಯೋ ಶೆಟ್ಲಿಯೋ ಹೇಳಬಲ್ಲವರು. ಮಾವ ತೀರಿಕೊಂಡು ವರ್ಷದ ಕಾರ್ಯ ಮುಗಿದ ಮರುದಿನ ಮನೆಯಲ್ಲಿ ಮತ್ತೆ ಮೀನು ಮಾಡಿದರು. ಮಾಡಿದವರೂ ಅವರೇ, ಎಲ್ಲರಿಗೂ ಬಡಿಸಿದವರೂ ಅವರೇ. ತಾವು ಮಾತ್ರ ತೊಂಡೆಕಾಯಿ ಪಲ್ಯ ಹಾಕಿಕೊಂಡು ಕುಳಿತರು. ಅದೆಂತಕೋ ಬೇಡ ಅನ್ನಿಸ್ತದೆ ಎಂದರು, ಅಷ್ಟೇ. ಹೀಗೆ ಬಿಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆತನದವರಲ್ಲಿ ಅಂಥ ಕಟ್ಟಳೆಯೂ ಈಗಿಲ್ಲ. ಇವತ್ತಿಲ್ಲದಿದ್ದರೆ ನಾಳೆ ತಿಂದಾರು ಎಂದುಕೊಂಡೆವು. ಆ ನಾಳೆ ವರ್ಷಗಟ್ಟಲೆ ಬರಲೇ ಇಲ್ಲ.

ಈಚೆಗೆ ಅವರ ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು. ಕಾರವಾರದ ಡಾಕ್ಟರು, ರಕ್ತ ಕಮ್ಮಿಯಿದೆ ಅಜ್ಜಿ, ಮೀನು ತಿನ್ನಬೇಕು ಎಂದಾಗ ಅತ್ತೆ ವಿಧೇಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿ, ಗುಳಿಗೆ ಮಾತ್ರ ತೆಗೆದುಕೊಂಡು ಬಂದರು. ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಳ್ಳುವ ಅವರನ್ನು ಕಂಡಾಗೆಲ್ಲ ನನಗೆ ಹೆದರಿಕೆಯಾಗುತ್ತಿತ್ತು. ಆದರೆ ಮೀನು ತಿನ್ನಿ ಎನ್ನುವುದು ಹೇಗೆ? ಮಾವನನ್ನು ನೆನೆದದ್ದು ಸಾಕು ಎಂದ ಹಾಗಾಗುವುದಿಲ್ಲವೇ? ಸೊಸೆಯ ಬಾಯಲ್ಲಿ ಬರುವ ಮಾತೇ ಅದು? ನೀವೇ ಹೇಳಿ.

ಬಾಯಿ ಬಾರದಾಗ ನಮ್ಮಂಥವರು ಸಾಮಾನು ಕೊಳ್ಳುತ್ತೇವೆ. ನಾನು ಕೊಂಡದ್ದು ಏರ್ ಫ್ರೈಯರ್. ನೀರಹಲಸಿನ ಹೋಳಿಗೆ ಮಸಾಲೆ ಹಚ್ಚಿ ಕರಿಯುವ ಪೋಡಿಯೆಂದರೆ ಅತ್ತೆಗೆ ಪ್ರಾಣ, ಕರಿದದ್ದು ಅವರ ಹೊಟ್ಟೆಗೆ ಒಗ್ಗುವುದಿಲ್ಲ; ಆ ಪೋಡಿಯನ್ನಾದರೂ ನಾಲ್ಕು ಹೆಚ್ಚು ತಿನ್ನಲಿ ಎಂಬ ಆಸೆ. ಆಫೀಸು ಬಿಟ್ಟವಳು ಕಾರವಾರದ ಅಂಗಡಿಯಿಂದ ಅದನ್ನೆತ್ತಿಕೊಂಡು ಬಸ್ಸು ಹತ್ತಿ, ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪಕ್ಕದಾಕೆ ಚೆಂಡಿಯಾ ಬರುವವರೆಗೂ ಅದರ ಗುಣಾವಗುಣ ವಿಚಾರಿಸಿ, ಎಣ್ಣೆಯಿಲ್ಲದೆ ಕರಿಯುವುದೆಂದರೆ ನೀರಿಲ್ಲದೆ ಮೀಯುವ ಹಾಗಾಯಿತಲ್ಲ ಎಂದು ತೀರ್ಪು ಕೊಟ್ಟು ಇಳಿದುಹೋದಳು. ಮನೆಗೆ ಬಂದವಳೇ, ಇದು ಅತ್ತೆಯದು, ಇದಕ್ಕೆ ಮೀನು ಹತ್ತಕೂಡದು ಎಂದು ಮಾಸ್ತರರಿಗೆ ಕೇಳುವಂತೆ ಸಾರಿದೆ. ಕಟ್ಟೆಯ ಮೇಲೆ ಉಳಿದಿದ್ದ ಕೊನೆಯ ಗೇಣು ಜಾಗವೂ ಅಲ್ಲಿಗೆ ಮುಗಿಯಿತು. ಅತ್ತೆ ಯಂತ್ರವನ್ನು ಸೆರಗಿನಿಂದ ಒರೆಸಿ, ಪೋಡಿ ಮಾಡಿ, ಎರಡು ತಿಂದು, ಉಳಿದದ್ದನ್ನು ನಮಗೇ ಕೊಟ್ಟರು.

ಇಷ್ಟರಲ್ಲಿ ಮಾಸ್ತರರ ರಕ್ತ ಪರೀಕ್ಷೆಯಾಗಿ, ಕೊಬ್ಬು ಏರಿದೆ, ಕರಿದ ಮೀನು ಬಂದ್ ಎಂಬ ಆಜ್ಞೆ ಹೊರಟಿತು. ಅಂಕೋಲೆಯ ಗಂಡಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ಕೋರ್ಟಿನಲ್ಲಿದೆ? ಬರೀ ಸಾರಿನ ಮೀನು ತಿನ್ನುತ್ತ ಅವರು ಏರ್ ಫ್ರೈಯರನ್ನು ನೋಡುವ ನೋಟ ನನಗೇ ಕರುಣೆ ಹುಟ್ಟಿಸುತ್ತಿತ್ತು. ಒಂದು ಶನಿವಾರ ಮೆಲ್ಲನೆ, ಮೀನಿಗೆಂದೇ ಇನ್ನೊಂದು ತರೋಣವೇ ಎಂದರು. ಎಲ್ಲಿಡುವುದು? ಟೇಪು ತಂದು ಕಟ್ಟೆ ಅಳೆದೆವು. ಗ್ರೈಂಡರನ್ನು ಕಪಾಟಿಗೆ ಹತ್ತಿಸಿದರೆ ಇಳಿಸುವವರಾರು ಎಂದು ನಾನು, ವಾಷಿಂಗ್ ಮಷಿನ್ನಿನ ಮೇಲಿಟ್ಟರಾಯಿತು ಎಂದು ಅವರು, ಅದು ತಿರುಗುವಾಗ ಬಂಗ್ಡೆ ಅಂಗಳಕ್ಕೆ ಹಾರೀತು ಎಂದು ಮತ್ತೆ ನಾನು. ಅತ್ತೆ ಮೂಲೆಯಲ್ಲಿ ಬಸಳೆ ಸೋಸುತ್ತ ಎಲ್ಲ ಕೇಳಿಸಿಕೊಂಡರು.

ಮರುದಿನ ಬೆಳಿಗ್ಗೆ ಬಾಗಿಲಿಗೆ ಬಂದ ಮೀನಿನವಳ ಹತ್ತಿರ ಬಂಗ್ಡೆ ಆರಿಸಿಕೊಂಡು, ಸೀಳಿ ಮಸಾಲೆ ಹಚ್ಚಿಟ್ಟವರು ಅತ್ತೆ. ನಾನು ಮಿಂದು ಬರುವಷ್ಟರಲ್ಲಿ ಅವರು ಏರ್ ಫ್ರೈಯರಿನ ಬುಟ್ಟಿ ಎಳೆದು, ಅದರಲ್ಲಿ ಮೀನು ಜೋಡಿಸುತ್ತಿದ್ದರು.

“ಅತ್ತೆ, ಅದು ನಿಮ್ಮದಲ್ವಾ?”

“ನಂದೇ ಅಲ್ದಾ? ಹಂಗಾದ್ರೆ ಅದ್ರಲ್ಲಿ ಎಂತ ಹಾಕೂದು ಹೇಳಿ ನಾ ಹೇಳ್ತೆ.”

“ಮತ್ತೆ ನಿಮ್ಮ ಪೋಡಿ?”

“ಅದೂ ಇದ್ರಲ್ಲೇ. ಕಟ್ಟೆ ಮೇಲೆ ಜಾಗ ಎಲ್ಲಿ ಅದೆ ತಂಗಿ?” ಎಂದು ಬುಟ್ಟಿ ಒಳಗೆ ತಳ್ಳಿ ಗುಂಡಿ ತಿರುಗಿಸಿದರು.

ಯಾರೂ ಹೇರದ ವ್ರತದಿಂದ ಬಿಡುಗಡೆ ಕೊಡುವವರು ಯಾರು? ಸಾಕು ಬಿಡು ಎನ್ನಬಹುದಾಗಿದ್ದ ಮನುಷ್ಯ ಇಲ್ಲ. ನಮಗೆ ಹಾಗೆನ್ನುವ ಧೈರ್ಯವಿಲ್ಲ. ತಾನಾಗಿ ಬಿಟ್ಟದ್ದನ್ನು ತಾನಾಗಿ ತಿನ್ನಲು ಅವರಿಗೂ ಸಂಕೋಚ. ಡಾಕ್ಟರ ಮಾತು ಮಾಡಲಾರದ್ದನ್ನು ಕಟ್ಟೆಯ ಇಕ್ಕಟ್ಟು ಮಾಡಿತು; ಮಗನಿಗೆ ಮೀನು ಬೇಕು, ಇನ್ನೊಂದು ಯಂತ್ರಕ್ಕೆ ಜಾಗವಿಲ್ಲ, ಇದಕ್ಕಿಂತ ಮರ್ಯಾದೆಯ ನೆಪ ಇನ್ನೇನು ಬೇಕು? ದೊಡ್ಡ ಅಡಿಗೆಮನೆಯ ಕನಸು ಕಂಡ ನಾನು ಆ ದಿನ ಮನೆ ಕಟ್ಟಿಸಿದ ಜಿಪುಣನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಊಟಕ್ಕೆ ಕೂತೆವು. ಅತ್ತೆ ನಮಗೆ ಬಡಿಸಿ, ತಮ್ಮ ತಾಟಿಗೂ ಒಂದು ಬಂಗ್ಡೆ ಹಾಕಿಕೊಂಡರು. ನಾವಿಬ್ಬರೂ ಅನ್ನದಲ್ಲಿ ಏನೋ ಕಳೆದುಕೊಂಡವರ ಹಾಗೆ ತಲೆ ತಗ್ಗಿಸಿದೆವು. ಅವರು ಮುಳ್ಳು ಬಿಡಿಸಿ, ಒಂದು ತುಂಡು ಬಾಯಿಗಿಟ್ಟು, ನಿಧಾನವಾಗಿ ಜಗಿದು ನುಂಗಿದರು.

“ಉಪ್ಪು ಕಮ್ಮಿ ಅದೆ,” ಎಂದರು. ಆಮೇಲೆ ನಮ್ಮ ಮುಖ ನೋಡಿದರು. “ದಿನಾ ಹೀಂಗೇ ಇರ್ತಿತ್ತಾ?”

ಇರುತ್ತಿತ್ತು. ರುಚಿ ನೋಡದೆ ಮಾಡುವವರು, ಹೆಚ್ಚಾದರೆ ತೆಗೆಯಲಾಗದೆಂದು ಕೈ ಹಿಡಿದು ಹಾಕುತ್ತಿದ್ದರು. ಮಾವ ಹೋದ ಮೇಲೆ ನಮ್ಮ ಮನೆಯ ಮೀನು ಸಪ್ಪೆ. ನಾವು ಉಪ್ಪಿನಕಾಯಿಯ ರಸ ಕಲಸಿಕೊಂಡು, ಚಲೋ ಆಗಿದೆ ಎನ್ನುತ್ತ ತಿಂದು ಏಳುತ್ತಿದ್ದೆವು.

“ಒಬ್ರಾದ್ರೂ ಹೇಳೂಕೆ ಆಗ್ಲಿಲ್ವಾ?”

ಮಾಸ್ತರರು ಬಾಯಲ್ಲಿದ್ದ ತುತ್ತು ನುಂಗಿದರು. “ಹೆಂಗೆ ಹೇಳೂದು, ಆಯಿ?”

ಅತ್ತೆ ಉಪ್ಪಿನ ಡಬ್ಬಿ ಎಳೆದುಕೊಂಡು ಮೊದಲು ಮಗನ ಮೀನಿಗೆ, ಆಮೇಲೆ ನನ್ನದಕ್ಕೆ, ಕೊನೆಗೆ ತಮ್ಮದಕ್ಕೆ ಒಂದೊಂದು ಚಿಟಿಕೆ ಉದುರಿಸಿದರು. ಇನ್ನೊಂದು ತುಂಡು ಬಾಯಿಗಿಟ್ಟುಕೊಂಡು, “ಈಗ ಅಡ್ಡಿಲ್ಲ,” ಎಂದರು.