ಅಕ್ಕನಿಗೊಂದು ಸದ್ದಿಲ್ಲದ ಕೋಣೆ

ನಮ್ಮಕ್ಕನ ಕಿವಿಯಲ್ಲಿ ಒಂದು ಸದ್ದಿದೆ. ಕುಕ್ಕರ್ ಕೂಗುವ ಮೊದಲು ಸುಯ್ಯೆನ್ನುತ್ತದಲ್ಲ, ಅಂಥದ್ದು. ಅದು ಕೂಗಿ ಮುಗಿಯುವುದೂ ಇಲ್ಲ, ಆರುವುದೂ ಇಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ತಗಡು ಒತ್ತುವ ಮೆಷೀನುಗಳ ನಡುವೆ ಸರ್ವೀಸು ಮುಗಿಸಿ ಬಂದವಳು ಅವಳು. ಮೆಷೀನು ಬಿಟ್ಟಳು, ಸದ್ದು ಮಾತ್ರ ಅವಳನ್ನು ಬಿಡಲಿಲ್ಲ. ಇದಕ್ಕೆ ಮಾತ್ರೆ ಇಲ್ಲಮ್ಮ, ಹೊಂದಿಕೊಳ್ಳಬೇಕು ಎಂದು ಹೇಳಿ ಕಿವಿ ಡಾಕ್ಟರು ಮುಂದಿನವರನ್ನು ಒಳಗೆ ಕರೆದರಂತೆ. ಹೊಂದಿಕೊಳ್ಳಬೇಕಂತೆ! ಒಂದು ದಿನ ಅವರ ಕಿವಿಯಲ್ಲೂ ಹೀಗೇ ಕೂಗಲಿ, ಆಗ ಹೇಳಲಿ ಎಂದು ನಾನು ಮನೆಯಲ್ಲಿ ಕೂತು ಬೈದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಅಕ್ಕ ಧ್ಯಾನದ ಕ್ಲಾಸಿಗೆ ಸೇರಿಕೊಂಡಳು. ಅಲ್ಲಿ ಹೇಳಿಕೊಟ್ಟಿದ್ದನ್ನು ಮನೆಯಲ್ಲಿ ಮಾಡೋಣವೆಂದು ಕೂತರೆ ಮೇಲಿನ ಮನೆಯ ಮಿಕ್ಸಿ, ಪಕ್ಕದ ಮನೆಯ ಬೋರ್‌ವೆಲ್ ಮೋಟರು, ಬೀದಿಯಲ್ಲಿ ಹಳೇ ಪೇಪರ್ ಕೊಳ್ಳುವವನ ಸ್ಪೀಕರು. ಒಂದು ಭಾನುವಾರ ಬಸವೇಶ್ವರನಗರದ ನಮ್ಮ ಮನೆಗೆ ಬಂದು ದಂಟಿನ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಹೇಳಿದಳು.

"ಇದರ ಜೊತೆ ಬದುಕೋಕೆ ನನ್ನ ಕೈಲಿ ಆಗ್ತಾ ಇಲ್ಲ ಕಣೇ. ಸದ್ದೇ ಇಲ್ಲದ ಒಂದು ಕೋಣೆ ಕಟ್ಟಿಕೊಡು. ಅಲ್ಲಿ ಕಣ್ಮುಚ್ಚಿ ಕೂತ್ಕೋತೀನಿ."

ಆಗಲ್ಲ ಅನ್ನುವ ಮಾತನ್ನು ಅಕ್ಕನ ಬಾಯಲ್ಲಿ ನಾನು ಅದುವರೆಗೂ ಕೇಳಿರಲಿಲ್ಲ. ಎರಡು ಬಸ್ಸು ಬದಲಿಸಿ ಹೋಗಿ ದುಡಿದವಳು, ನನ್ನನ್ನು ಓದಿಸಿದವಳು. ಸೊಪ್ಪಿನ ಬುಟ್ಟಿಯನ್ನು ಅತ್ತ ಸರಿಸಿ, ಕಟ್ಟಿಕೊಡ್ತೀನಿ ಬಿಡು ಎಂದೆ.

ಮನೆಗಳ ಪ್ಲಾನು ಬರೆಯುವುದು ನನ್ನ ಕೆಲಸ. ವಿಜಯನಗರ, ಕೆಂಗೇರಿ ಉಪನಗರದ ಕಡೆ ಮೂವತ್ತು ನಲವತ್ತರ ಸೈಟುಗಳಲ್ಲಿ ನಾನು ಎಬ್ಬಿಸಿದ ಮನೆಗಳು ಎಷ್ಟೋ ಇವೆ. ಅಂಥ ಸೈಟಿನಲ್ಲಿ ಪ್ಲಾನು ಬರೆಯುವುದೆಂದರೆ ಮೊದಲು ಮುಚ್ಚುವ ಕೆಲಸ. ಪಕ್ಕದವರ ಅಡುಗೆಮನೆ ನಮ್ಮ ಬೆಡ್‌ರೂಮಿಗೆ ಕೈ ಚಾಚಿದರೆ ಸಿಗುತ್ತದೆ. ಅವರ ಜಗಳ ನಮಗೆ ಕೇಳಬಾರದು, ನಮ್ಮ ಜಗಳ ಅವರಿಗೆ ಕೇಳಬಾರದು. ಎಲ್ಲಿ ಗೋಡೆ ದಪ್ಪ ಮಾಡಬೇಕು, ಕಿಟಕಿಯನ್ನು ಯಾವ ಕಡೆ ತಿರುಗಿಸಬೇಕು ಅನ್ನುವುದರಲ್ಲಿ ನನ್ನದು ಎತ್ತಿದ ಕೈ. ಆ ಮೇಡಂ ಪ್ಲಾನ್ ಹಾಕಿದರೆ ಒಳಗೆ ಹಾರನ್ ಕೇಳಿಸಲ್ಲ ಎಂದು ಜನ ಹೇಳಿಕೊಂಡೇ ನನ್ನ ಹತ್ತಿರ ಬರುತ್ತಾರೆ.

ಹೇರೋಹಳ್ಳಿಯ ನಮ್ಮ ಅಪ್ಪನ ರಾಗಿ ಹೊಲವೆಲ್ಲ ಸೈಟುಗಳಾಗಿ, ಉಳಿದದ್ದು ಕೆಂಗೇರಿಯಿಂದಾಚೆ ಕಾಡಿನ ಅಂಚಿಗೆ ಇರುವ ಒಂದು ತುಂಡು ಮಾತ್ರ. ಬರೀ ಬಂಡೆ, ಹೊಂಗೆ, ಒಂದು ಬಿದಿರು ಮೆಳೆ. ದಾರಿ ಸರಿಯಿಲ್ಲ ಎಂದು ಅದನ್ನು ಕೊಳ್ಳಲು ಯಾರೂ ಕೇಳಿರಲಿಲ್ಲ. ಅಲ್ಲೇ ಕಟ್ಟುವುದೆಂದಾಯಿತು. ಮೊದಲ ಸಲ ಹೋಗಿ ಆ ಬಂಡೆಯ ಮೇಲೆ ನಿಂತಾಗ ನನಗೆ ಉತ್ಸಾಹ ಉಕ್ಕಿ ಬಂತು. ಒಂದು ಮರವನ್ನೂ ಕಡಿಯಬಾರದು, ಮಣ್ಣು ಅಲ್ಲಿಯದೇ ಆಗಬೇಕು, ಕರೆಂಟಿನ ಕಂಬ ಬರಬಾರದು ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಒಬ್ಬರು ಕೂರುವ ಕೋಣೆಗೆ ಒಂದು ಮಾಲ್‌ಗೆ ಬೇಕಾಗುವಷ್ಟು ಹಾಳೆ ಗೀಚಿದ್ದೀಯಲ್ಲ ಎಂದು ನಮ್ಮ ಮನೆಯವರು ರೇಗಿಸಿದರು. ನೀವು ಸುಮ್ಮನೆ ಕಾರು ಓಡಿಸಿದರೆ ಸಾಕು ಎಂದೆ.

ಕೋಣೆ ಚೆನ್ನಾಗಿಯೇ ಎದ್ದಿತು, ಅದನ್ನು ಹೇಳಲು ನನಗೇನೂ ಸಂಕೋಚವಿಲ್ಲ. ಬಂಡೆಯ ಮೇಲೆ ನಾಲ್ಕು ಮೂಲೆಗೆ ಕಲ್ಲುಕಂಬ, ಮಾಡಿನ ಭಾರವೆಲ್ಲ ಅವುಗಳ ಮೇಲೆ. ಅಲ್ಲಿಯ ಮಣ್ಣನ್ನೇ ಒತ್ತಿ ಮಾಡಿದ ಇಟ್ಟಿಗೆ, ಮಣ್ಣಿನದೇ ಗಾರೆ. ರಾಜಾಜಿನಗರದಲ್ಲಿ ಕೆಡವುತ್ತಿದ್ದ ಒಂದು ಹಳೆಯ ಮನೆಯಿಂದ ಮಂಗಳೂರು ಹೆಂಚನ್ನೂ ಹಲಸಿನ ಮರದ ಬಾಗಿಲನ್ನೂ ತಂದೆ. ಮಾಡಿನ ನೀರು ತೊಟ್ಟಿಗೆ, ದೀಪಕ್ಕೆ ಸೋಲಾರ್. ಅದರ ಮೇಲೆ ನನ್ನ ಕೈಚಳಕ: ಗೋಡೆಯನ್ನು ಎರಡು ಪಟ್ಟು ದಪ್ಪ ಮಾಡಿಸಿದೆ, ಹೆಂಚಿನ ಕೆಳಗೆ ಹಲಗೆ ಹೊದಿಸಿದೆ, ಕಿಟಕಿಗೆ ಎರಡು ಗಾಜು ಹಾಕಿಸಿದೆ. ಕರೆಂಟಿಲ್ಲದ ಮೇಲೆ ಫ್ಯಾನಿಗೇನು ಕೆಲಸ? ಬಾಗಿಲು ಹಾಕಿಕೊಂಡು ಒಳಗೆ ನಿಂತರೆ ನನ್ನ ಉಸಿರು ನನಗೇ ಕೇಳುತ್ತಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹಾಲು ಉಕ್ಕಿಸುವ ದಿನ ಬಂತು. ಕೋಣೆಯ ಮುಂದೆ ಮೂರು ಕಲ್ಲಿಟ್ಟು ಒಲೆ ಹೂಡಿದರೆ ಸೌದೆ ಹಸಿ, ಬರೀ ಹೊಗೆ. ನಮ್ಮ ಮನೆಯವರು ಊದುತ್ತಾ ಕೂತರು. ಅಷ್ಟರಲ್ಲಿ ನೀನು ಒಂದು ಸಲ ಕೂತು ನೋಡು ಎಂದು ಅಕ್ಕನನ್ನು ಒಳಗೆ ಕಳಿಸಿ, ಬಾಗಿಲನ್ನು ನಾನೇ ಎಳೆದುಕೊಂಡೆ.

ಸ್ವಲ್ಪ ಹೊತ್ತಿಗೇ ಬಾಗಿಲು ತೆರೆಯಿತು. ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಏನಾಯಿತೆಂದು ಕೇಳಿದರೆ ಹೇಳಬಾರದೆಂದೇ ಇದ್ದಳು. ನಾನು ಬಿಡಲಿಲ್ಲ.

"ಒಳಗೆ ಅದೊಂದೇ ಇದೆ ಕಣೇ," ಎಂದಳು.

ಊರಿನ ಸದ್ದನ್ನೆಲ್ಲ ಹೊರಗೆ ತಳ್ಳಿ, ಅವಳು ಯಾವುದಕ್ಕೆ ಹೆದರಿ ಓಡಿಬಂದಿದ್ದಳೋ ಅದರ ಜೊತೆಗೇ ಅವಳನ್ನು ಕೂಡಿಹಾಕಿ ಬಾಗಿಲು ಎಳೆದಿದ್ದೆ. ಚಳಿಗಾಲದಲ್ಲೂ ಫ್ಯಾನು ಹಾಕಿಕೊಂಡೇ ಮಲಗುತ್ತಾಳೆಂದು ನಾನೇ ಅವಳನ್ನು ಎಷ್ಟು ಸಲ ಬೈದಿಲ್ಲ! ಅದು ಯಾಕೆಂದು ಆಗ ಹೊಳೆಯಿತು. ಅಕ್ಕನಿಗೂ ಅದುವರೆಗೆ ಹೊಳೆದಿರಲಿಲ್ಲ, ಸೆಖೆ ಅಂದುಕೊಂಡಿದ್ದಳಂತೆ. ಇಷ್ಟು ಚೆನ್ನಾಗಿ ಕಟ್ಟಿದೀಯಲ್ಲೇ ಎಂದು ನನ್ನನ್ನು ಸಮಾಧಾನ ಮಾಡುತ್ತಾ ಅಕ್ಕ ಮೆಟ್ಟಿಲ ಮೇಲೆ ಕುಸಿದಳು. ನಾನು ಅತ್ತುಬಿಟ್ಟೆ.

ಅಷ್ಟು ಹೊತ್ತಿಗೆ ಸೌದೆ ಹತ್ತಿಕೊಂಡು ಚಟಪಟ ಎಂದಿತು. ಕಾಡಿನ ಕಡೆಯಿಂದ ಗಾಳಿ ಬಂತು. ಬಿದಿರಿಗೆ ಬಿದಿರು ಉಜ್ಜಿ ಕಿರ್ರೆಂದಿತು, ಹೊಂಗೆಯ ಒಣ ಎಲೆ ಬಂಡೆಯ ಮೇಲೆ ಪರಪರ ಉರುಳಿತು, ಎಲ್ಲೋ ಒಂದು ಕೆಂಬೂತ ಕೂಗಿತು. ಹಾಲು ಉಕ್ಕಿತು. ಬಾ, ಹಾಲು ಉಕ್ಕಿತು ಎಂದು ನಾನು ಮೂಗು ಒರೆಸಿಕೊಂಡು ಕರೆದರೆ ಅಕ್ಕ ಏಳಲಿಲ್ಲ. ಕಣ್ಣು ಮುಚ್ಚಿತ್ತು. ಇರು ಎಂದು ಕೈ ಎತ್ತಿದಳು. ಹಾಲು ಪಾತ್ರೆಯ ಸುತ್ತ ಸುರಿದು ಕೆಂಡದ ಮೇಲೆ ಚುಯ್ ಎನ್ನುತ್ತಿತ್ತು.

"ಹೋಗಿಲ್ಲ, ಇದೆ. ಆದ್ರೆ ಇವೆಲ್ಲದರ ಹಿಂದೆ ಹೋಗಿ ಕೂತ್ಕೊಂಡಿದೆ," ಎಂದಳು.

ಮಾರನೆಯ ದಿನವೇ ಮೇಸ್ತ್ರಿಯನ್ನು ಕರೆಸಿದೆ. ರಾಯಚೂರಿನ ಕಡೆಯವನು. ಬಿದಿರಿನ ಕಡೆಯ ಗೋಡೆ ಬಿಚ್ಚಬೇಕು ಎಂದಾಗ, ಕಟ್ಟಿದ ಕೈಯಲ್ಲೇ ಹೆಂಗ್ರೀ ಬಿಚ್ಚೋದು ಎಂದು ಮುಖ ಸಪ್ಪಗೆ ಮಾಡಿಕೊಂಡ. ಅವನ ಪಕ್ಕದಲ್ಲಿ ನಿಂತು ಮೊದಲ ಇಟ್ಟಿಗೆಯನ್ನು ನಾನೇ ತೆಗೆದೆ. ಮಣ್ಣಿನ ಗಾರೆಯಾದ್ದರಿಂದ ಇಟ್ಟಿಗೆಗಳು ಒಡೆಯದೆ ಬಿಟ್ಟುಕೊಂಡವು. ಸಿಮೆಂಟಾಗಿದ್ದರೆ ಲಾರಿಗಟ್ಟಲೆ ಹುಡಿ ಆಗುತ್ತಿತ್ತು. ಅದೇ ಇಟ್ಟಿಗೆಗಳನ್ನು ನಡುನಡುವೆ ಸಂದು ಬಿಟ್ಟು ಮತ್ತೆ ಜೋಡಿಸಿದೆವು, ಗಾಳಿಯೂ ಸದ್ದೂ ಒಳಗೆ ಬರುವ ಹಾಗೆ. ಸೊಳ್ಳೆಗೆ ಒಂದು ಜಾಲರಿ. ಉಳಿದ ಇಟ್ಟಿಗೆಯಲ್ಲಿ ಹೊರಗೊಂದು ಜಗಲಿ ಆಯಿತು. ಹೆಂಚಿನ ಕೆಳಗಿನ ಹಲಗೆಯನ್ನೂ ತೆಗೆಸಿದೆ, ಮಳೆ ಬಂದರೆ ಅದೂ ಕೇಳಲಿ ಎಂದು. ಮುಚ್ಚುವುದನ್ನೇ ಕಲಿತ ಕೈಗೆ ಇದೇನೂ ಸುಲಭವಾಗಿರಲಿಲ್ಲ. ಪ್ರತಿ ಸಂದನ್ನೂ ಇನ್ನಷ್ಟು ಕಿರಿದು ಮಾಡೋಣವೇ ಎಂದು ಕೈ ಕಡಿಯುತ್ತಿತ್ತು.

ಕೆಲಸ ಮುಗಿದ ಭಾನುವಾರ ಅಕ್ಕ ಮತ್ತೆ ಒಳಗೆ ಹೋದಳು. ಈ ಸಲ ಬಾಗಿಲನ್ನು ಅವಳೇ ಎಳೆದುಕೊಂಡಳು. ನಾನು ಜಗಲಿಯ ಮೇಲೆ ಕೂತೆ, ಉಗುರು ಕಚ್ಚುತ್ತಾ. ಎಷ್ಟು ಹೊತ್ತಾದರೂ ಅವಳು ಹೊರಗೆ ಬರಲಿಲ್ಲ. ಮೊದಲು ಖುಷಿಯಾಯಿತು, ಆಮೇಲೆ ಭಯವಾಯಿತು. ತಡೆಯಲಾರದೆ ಗೋಡೆಯ ಸಂದಿನಲ್ಲಿ ಇಣುಕಿದೆ.

ಅಕ್ಕ ಗೋಡೆಗೆ ಒರಗಿದ್ದಳು. ತಲೆ ಒಂದು ಕಡೆ ವಾಲಿತ್ತು, ಬಾಯಿ ಅರ್ಧ ತೆರೆದಿತ್ತು. ಕಾಲು ನೀಟಿಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತಾ ನಿದ್ದೆ ಮಾಡುತ್ತಿದ್ದಳು. ಹಗಲು ನಿದ್ದೆ ಇರಲಿ, ರಾತ್ರಿಯ ನಿದ್ದೆಯನ್ನೇ ಮರೆತಿದ್ದ ನಮ್ಮಕ್ಕ!

ಕಾರಿನ ಹತ್ತಿರ ನಿಂತಿದ್ದ ನಮ್ಮ ಮನೆಯವರು, ತಡವಾದರೆ ಕೆಂಗೇರಿ ಹತ್ತಿರ ಟ್ರಾಫಿಕ್ ಆಗುತ್ತೆ, ಧ್ಯಾನ ಇನ್ನೂ ಮುಗಿದಿಲ್ಲವಾ ಎಂದು ದೂರದಿಂದಲೇ ಕೇಳಿದರು. ಇನ್ನೂ ಇಲ್ಲ ಎಂದು ಕೈ ಆಡಿಸಿ, ನಾನು ಅಕ್ಕನ ಗೊರಕೆ ಕೇಳುತ್ತಾ ಕೂತೆ.