ನಮ್ಮ ಕಡೆಯದಲ್ಲದ ಮಾತು

ಈರುಳ್ಳಿ ರಾಶಿಯ ಎದುರೇ ನಿಂತು ಈರುಳ್ಳಿ ಕೇಳಿದೆ. ಅಂಗಡಿಯವನಿಗೆ ತಿಳಿಯಲಿಲ್ಲ. ಅಜ್ಜಂಪುರಕ್ಕೆ ಬಂದ ಎರಡನೆಯ ದಿನ ಅದು. "ಒಂದು ಸೇರು ಉಳ್ಳಾಗಡ್ಡಿ ಕೊಡ್ರಿ" ಎಂದಿದ್ದೆ. "ಅವೆಲ್ಲ ನಮ್ಮತ್ರ ಇಲ್ಲ ಕಣಮ್ಮ" ಎಂದ, ಮೊಣಕಾಲೆತ್ತರದ ರಾಶಿಯ ಪಕ್ಕದಲ್ಲೇ ನಿಂತು. ಬೆರಳು ಮಾಡಿ ತೋರಿಸಿದೆ. "ಓ, ಈರುಳ್ಳಿ!" ಎಂದು ನಕ್ಕ. ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ಅವನದೂ ಕನ್ನಡ, ನನ್ನದೂ ಕನ್ನಡ. ಆದರೂ ಸೆರಗಿನಲ್ಲಿ ಈರುಳ್ಳಿ ಕಟ್ಟಿಕೊಂಡು ಮನೆಗೆ ಬರುವಾಗ ಪರದೇಶದಲ್ಲಿ ನಡೆಯುತ್ತಿರುವ ಹಾಗಿತ್ತು.

ರೋಣದ ಕಡೆಯ ನೀವೆಲ್ಲ ಕಾಗದ ಬರೆದಾಗಲೆಲ್ಲ ಕೇಳುತ್ತೀರಿ, ಅಲ್ಲಿ ಹೇಗಿದೆ ಎಂದು. ಮಣ್ಣು ನಮ್ಮ ಹಾಗೇ ಕಪ್ಪು, ಹತ್ತಿಯೂ ಬೆಳೆಯುತ್ತದೆ. ಆ ಹತ್ತಿಯೇ ನಮ್ಮನ್ನು ಕರೆಸಿತು. ನಮ್ಮನೆಯವರು ಇಲ್ಲೊಂದು ಹತ್ತಿ ಹಿಂಜುವ ಮಿಲ್ಲಿಗೆ ಮಿಸ್ತ್ರಿಯಾಗಿ ಬಂದರು. ಜೊತೆಗೆ ನಾನು, ಆರು ತಿಂಗಳ ಕೂಸು ಶಾಂತಾ, ಮತ್ತು ಅತ್ತೆ. ಅತ್ತೆ ಎಂದರೆ ನನಗೆ ಎರಡು ಬಗೆಯಲ್ಲಿ ಅತ್ತೆ. ಗಂಡನ ತಾಯಿ, ಅದಕ್ಕೂ ಮೊದಲು ಅಪ್ಪನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ.

ತೆಂಗಿನ ತೋಟದ ಒಕ್ಕಲು ಗಂಗಮ್ಮನವರ ಮನೆಯ ಹಿಂದೆ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಊರಲ್ಲಿ ನೀಲವ್ವನಾಗಿದ್ದ ನಾನು ಇಲ್ಲಿ ನೀಲಮ್ಮನಾದೆ. ಅಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಬೆಳಗಾಗುತ್ತಿತ್ತು, ಇಲ್ಲಿ ಮುದ್ದೆ. ಅಗಿಯದೆ ನುಂಗಬೇಕು ಎಂದು ಯಾರೂ ಹೇಳಿರಲಿಲ್ಲ. ಗಂಗಮ್ಮನವರು ನನ್ನ ದವಡೆ ನೋಡಿ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೊದಮೊದಲು ಬಾವಿಗೆ ಹೋದವಳು ಬೇರೆ ಓಣಿ ಹಿಡಿದು ಅಲೆದಿದ್ದೇನೆ. ಅತ್ತೆಯೂ ದಾರಿ ತಪ್ಪುತ್ತಿದ್ದಳು. ಹೊಸ ಊರು, ಆಗುವುದೇ ಎಂದುಕೊಂಡೆ. ಮೂರನೆಯ ವಾರಕ್ಕೆ ನನಗೆ ಓಣಿಗಳು ತಿಳಿದವು. ಆರನೆಯ ತಿಂಗಳಲ್ಲೂ ಅತ್ತೆ ಹಿತ್ತಿಲಿಂದ ಬಂದವಳು ನಮ್ಮ ಬಾಗಿಲ ಮುಂದೆಯೇ ನಿಂತು, ಒಳಗೆ ಬರಲೋ ಬೇಡವೋ ಎಂದು ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಗಂಗಮ್ಮನವರು ತಮ್ಮ ಮಗಳಿಗೆ ಜಡೆ ಹಾಕಲು ಕೂತು, "ಲೇ, ಆ ತಲೆಕುಂಟೆ ತಗೊಂಬಾರೇ" ಎಂದರು. ನನಗೆ ಅರ್ಥವಾಗಲಿಲ್ಲ.

"ನಿಮ್ ಭಾಷೆನೇ ಕಣಮ್ಮ ನಂದು! ನಿಮ್ಮತ್ತೇರು ಕಲಿಸವ್ರೆ. ಬಾಚಣಿಗೆಗೆ ತಲೆಕುಂಟೆ, ಬೀಗದ ಕೈಗೆ ಬಾಗಲಹಲ್ಲು, ಬೆಂಕಿಪೊಟ್ಟಣಕ್ಕೆ ಉರಿಮನೆ. ಎಷ್ಟು ಚೆಂದಾಗೈತೆ ನಿಮ್ ಕಡೆ ಮಾತು!"

ನಾನೂ ನಕ್ಕೆ. ಆಮೇಲೆ ಹೊಳೆಯಿತು. ಬಾಚಣಿಗೆಗೆ ನಾವು ಹಣಿಗಿ ಅನ್ನುತ್ತೇವೆ, ಬೀಗದ ಕೈಗೆ ಕೀಲಿಕೈ. ತಲೆಕುಂಟೆ, ಬಾಗಲಹಲ್ಲು ಯಾವ ಊರಿನ ಮಾತೂ ಅಲ್ಲ. ಹೆಸರು ನೆನಪಾಗದಿದ್ದಾಗ ಅತ್ತೆ ತಾನೇ ಕಟ್ಟಿಕೊಂಡದ್ದು. ಇಲ್ಲಿಯವರಿಗೆ ಅದು ಉತ್ತರದ ಕನ್ನಡವಾಗಿ ಕೇಳಿಸಿತ್ತು. ನನಗೆ ಕೇಳಿಸಲೇ ಇರಲಿಲ್ಲ, ಏಕೆಂದರೆ ನನ್ನ ಎದುರು ಅತ್ತೆ ಮಾತು ಕಡಿಮೆ ಮಾಡಿದ್ದಳು.

ಆವತ್ತೇ ಗಂಡನಿಗೆ ಹೇಳಿದೆ. "ವಯಸ್ಸಾತು. ಅದರಾಗ ಊರು ಬ್ಯಾರೆ. ನೀ ಏನೇನರ ಹಚ್ಚಿಕೊಬ್ಯಾಡ" ಎಂದರು. ಗಾಳಿ ಸೋಕಿರಬಹುದು, ಅಂತ್ರ ಕಟ್ಟಿಸಿ ಎಂದರು ಗಂಗಮ್ಮ. ಕಟ್ಟಿಸಿದೆವು. ರೋಣದಲ್ಲೇ ಒಮ್ಮೆ ಸಂತೆಯಿಂದ ಬಂದ ಅತ್ತೆ ನಮ್ಮ ಮನೆ ದಾಟಿ ಮುಂದೆ ಹೋಗಿದ್ದು ನೆನಪಾಯಿತು. ಆಗ ನಾನು ಯಾಕೆಂದು ಕೇಳಿರಲಿಲ್ಲ.

ಅದಾಗಿ ತಿಂಗಳಿಗೆ ಮನೆಗೆ ಸುಣ್ಣ ಬಳಿಸುತ್ತಿದ್ದರು. ನೆನೆಸಿದ ಸುಣ್ಣದ ಗಡಿಗೆ ಅಡುಗೆಮನೆಯ ಮೂಲೆಯಲ್ಲಿತ್ತು. ನಾನು ನೀರು ಹೊತ್ತು ಒಳಗೆ ಕಾಲಿಟ್ಟಾಗ ಅತ್ತೆ ಶಾಂತಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಕೈಯಲ್ಲಿ ಹಾಲು ಕುಡಿಸುವ ಒಳಲೆ. ಒಳಲೆಯ ಅಂಚಿನಿಂದ ಬೆಳ್ಳಗಿನದು ನೆಲಕ್ಕೆ ತೊಟ್ಟಿಕ್ಕಿ ಒಣಗುತ್ತಿತ್ತು. ಹಾಲು ಹಾಗೆ ಒಣಗುವುದಿಲ್ಲ. ಕೂಸು ಬಾಯಿ ತೆರೆದಿತ್ತು.

ಕೊಡ ಎಲ್ಲಿ ಬಿತ್ತೋ ತಿಳಿಯದು. ಒಳಲೆ ಕಿತ್ತೆಸೆದೆ. ಕೂಸಿನ ಬಾಯಿಯೊಳಗೆ ಬೆರಳಾಡಿಸಿ, ಮೂಸಿ, ಮತ್ತೆ ಮತ್ತೆ ನೋಡಿದೆ. ಏನೂ ಹೋಗಿರಲಿಲ್ಲ. ಅತ್ತೆ ಗಾಬರಿಯಿಂದ, "ಯಾಕವಾ? ಹಾಲು ಕುಡಸಾಕತ್ತಿದ್ನಿ" ಎಂದಳು. ನನ್ನನ್ನು ಸಾಕಿದ ಕೈ ಅದು. ಆ ಕೈಯನ್ನು ನಾನು ತಳ್ಳಿದ್ದೆ.

ಮಿಲ್ಲಿನಿಂದ ಬಂದ ಗಂಡನಿಗೆ ಒಳಲೆ ತೋರಿಸಿದೆ. ಮರುದಿನವೇ ತರೀಕೆರೆಯ ಬಸ್ಸು ಹತ್ತಿದೆವು.

ಡಾಕ್ಟರು ಮೈಸೂರಿನ ಕಡೆಯವರು, ನಿಧಾನದ ಮನುಷ್ಯ. ಕಣ್ಣು ನೋಡಿದರು, ಕಿವಿ ನೋಡಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಇವತ್ತು ಯಾವ ವಾರ, ಇದು ಯಾವ ಊರು ಎಂದು ಕೇಳಿದರು. "ಊರು ಗೊತ್ತಿಲ್ದ ಇಷ್ಟು ದೊಡ್ಡ ಡಾಕ್ಟ್ರು ಆದ್ರಿ?" ಎಂದಳು ಅತ್ತೆ. ಎಲ್ಲರೂ ನಕ್ಕೆವು. ಅವರು ನಗುತ್ತಲೇ ಜೇಬಿನಿಂದ ಬಾಚಣಿಗೆ ತೆಗೆದು ಹಿಡಿದರು.

"ಇದಕ್ಕೆ ಏನಂತೀರಮ್ಮ?"

"ತಲಿಕುಂಟಿ."

ಡಾಕ್ಟರು ನಮ್ಮತ್ತ ತಿರುಗಿದರು. "ನಿಮ್ಮ ಕಡೆ ಮಾತು ನನಗೆ ಸರಿಯಾಗಿ ಬರೋಲ್ಲ. ಹೀಗೆ ಅಂತೀರಾ?"

"ಅಂತೀವ್ರಿ" ಎಂದರು ನಮ್ಮನೆಯವರು, ಕೂಡಲೇ.

ಅತ್ತೆ ನನ್ನನ್ನು ನೋಡಿದಳು. ಹೌದು ಅನ್ನು ಎಂದು ಕೇಳುವ ನೋಟ. ಅವಳಿಗೆ ಗೊತ್ತಿತ್ತು. ಆರು ತಿಂಗಳಿಂದ ಒಬ್ಬಳೇ ಮುಚ್ಚಿಟ್ಟುಕೊಂಡು ಬಂದಿದ್ದಳು.

"ಇಲ್ರಿ, ಡಾಕ್ಟ್ರ" ಎಂದೆ. "ಹಣಿಗಿ ಅಂತೀವಿ."

ಗಂಡ ತಲೆ ತಗ್ಗಿಸಿದರು. ಕೀಲಿಗೊಂಚಲು, ಕಡ್ಡಿಪೆಟ್ಟಿಗೆ, ಚಮಚ ಒಂದೊಂದಾಗಿ ಬಂದವು. ಪ್ರತಿಯೊಂದಕ್ಕೂ ಡಾಕ್ಟರು ನನ್ನನ್ನೇ ಕೇಳಿದರು. ಪ್ರತಿಯೊಂದಕ್ಕೂ ಇಲ್ಲ ಎಂದೆ. ಕೊನೆಗೆ ಅತ್ತೆ ಗೋಡೆಯತ್ತ ಮುಖ ಮಾಡಿದಳು.

ರಕ್ತ, ಮೂತ್ರದ ಪರೀಕ್ಷೆ ಆಗಲಿ, ಬೇರೆ ಕಾಯಿಲೆಯಿಂದಲೂ ಹೀಗಾಗುವುದುಂಟು ಎಂದರು. ಹದಿನೈದು ದಿನ ಪರೀಕ್ಷೆಯಲ್ಲಿ ಆ ಬೇರೆ ಕಾಯಿಲೆಯೇ ಬರಲಿ ಎಂದು ಹರಕೆ ಹೊತ್ತೆ. ಬರಲಿಲ್ಲ. ಎರಡನೆಯ ಸಲ ಹೋದಾಗ ಡಾಕ್ಟರು, "ಡಿಮೆನ್ಶಿಯಾ ಅಂತ. ಮಿದುಳು ಸವೆಯೋ ಕಾಯಿಲೆ. ಅರವತ್ತಕ್ಕೆ ಅರಳುಮರಳು ಅಂತ ನಗೋ ವಿಷಯ ಅಲ್ಲ ಇದು" ಎಂದರು. "ಔಷಧಿ ಇಲ್ಲಮ್ಮ. ಒಂಟಿಯಾಗಿ ಬಿಡಬೇಡಿ, ಒಲೆ ಹತ್ತಿರ ಬಿಡಬೇಡಿ, ಬೈಯಬೇಡಿ. ಇನ್ನೊಂದು ಸಲ ಊರು ಬದಲಾಯಿಸಬೇಡಿ."

ಬಸ್ಸಿನಲ್ಲಿ ನಮ್ಮನೆಯವರು, "ನೀ ಹೌದು ಅಂದಿದ್ರ ಏನ ಆಗ್ತಿತ್ತು?" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಮರುವರ್ಷ ಗದುಗಿನ ಮಿಲ್ಲಿನಿಂದ ಕರೆ ಬಂತು. ಹೋಗಲಿಲ್ಲ. ನೀವೆಲ್ಲ, "ದೇಶ ಬಿಟ್ಟವರಿಗೆ ದೇಶ ಬೇಡವಾಯಿತು" ಎಂದಿರಿ. ಆಗ ಉತ್ತರ ಬರೆಯಲಿಲ್ಲ, ಈಗ ಬರೆಯುತ್ತಿದ್ದೇನೆ. ಗಂಗಮ್ಮನವರು ದಿನಕ್ಕೆರಡು ಹೊತ್ತು ಬಂದು ಅತ್ತೆಯ ಹತ್ತಿರ ಕೂರುತ್ತಾರೆ. ಅವಳು ಹೊರಗೆ ಹೋಗದ ಹಾಗೆ ಅಂಗಳಕ್ಕೊಂದು ತಡಿಕೆ ಕಟ್ಟಿಸಿದ್ದೇವೆ. ಶಾಂತಾಗೆ ಈಗ ನಾಲ್ಕು ವರ್ಷ. "ಬತ್ತೀನಿ ಕಣಮ್ಮ" ಎನ್ನುತ್ತಾಳೆ.

ಮೊನ್ನೆ ಮಧ್ಯಾಹ್ನ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಅತ್ತೆ ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದಳು.

"ನೀ ಯಾರ ಪೈಕಿ, ತಂಗಿ?"

"ನಿಮ್ಮ ಪೈಕೀನ ರೀ."

"ಮಾತು ಕೇಳಿದ್ರ ನಮ್ಮ ಕಡಿಯಾಕಿ ಅನಸ್ತೈತಿ. ಯಾವೂರವಾ ನಿಂದು?"

ರೋಣ ಎನ್ನಲು ಬಾಯಿ ತೆರೆದೆ. ಅಜ್ಜಂಪುರ ಎನ್ನಲೂ ತೆರೆದೆ. ಎರಡೂ ಬರಲಿಲ್ಲ. ಅತ್ತೆ ಉತ್ತರಕ್ಕೆ ಕಾಯಲಿಲ್ಲ.

"ಹೊತ್ತು ಮುಳಗೂದ್ರಾಗ ಮನಿ ಸೇರವಾ. ನಿಮ್ಮವರು ದಾರಿ ನೋಡತಿರ್ತಾರ."

"ಹೋಗ್ತೀನ್ರಿ, ಅತ್ತಿ" ಎಂದೆ. ಅವರೆಕಾಯಿ ಮುಗಿದ ಮೇಲೂ ಅಲ್ಲೇ ಕೂತಿದ್ದೆ.