ಜನಿವಾರದಲ್ಲಿದ್ದ ಬೀಗ

ನಮ್ಮ ಹೊಳೆನರಸೀಪುರದ ಪ್ರೆಸ್ಸಿಗೆ ಕನ್ನಡ ಅಕ್ಷರಗಳ ಸಾಫ್ಟ್‌ವೇರ್ ಹಾಕಲು ಹಾಸನದಿಂದ ಒಬ್ಬರು ಬರುತ್ತಿದ್ದರು. ಕೂತಲ್ಲಿ ಕೂರದ ಆಸಾಮಿ. “ಹಳೇದು ತೆಗೆದೇ ಹೊಸದು ಹಾಕ್ಬೇಕು, ಬೇಗ ಬೇಗ” ಎನ್ನುತ್ತ ಕಿಟಕಿಯಲ್ಲಿ ಬಸ್ಸು ನೋಡುವರು. ಕಂಪ್ಯೂಟರಿನ ಹಿಂದೆ ‘ಬೀಗ’ ಎನ್ನುವ ಬೆರಳುದ್ದದ ಪ್ಲಗ್ಗೊಂದನ್ನು ಸಿಕ್ಕಿಸದೆ ಆ ಸಾಫ್ಟ್‌ವೇರ್ ತೆರೆಯುತ್ತಿರಲಿಲ್ಲ. ತರುವಾಗ ದಾರಿಯಲ್ಲಿ ಕಳೆದೀತೆಂದು ಅದನ್ನು ಜನಿವಾರಕ್ಕೇ ಕಟ್ಟಿಕೊಂಡಿರುತ್ತಿದ್ದರು.

ಒಂದು ಉಪಾಕರ್ಮದ ಬೆಳಿಗ್ಗೆ ನಮ್ಮ ಹಳೆಯ ಸಾಫ್ಟ್‌ವೇರ್ ಅಳಿಸಿ, ಹೊಸದು ತುಂಬಿಕೊಳ್ಳುವಷ್ಟರಲ್ಲಿ ಹೇಮಾವತಿಗೆ ಓಡಿ ಜನಿವಾರ ಬದಲಿಸಿ ಬಂದರು. ಬೀಗಕ್ಕಾಗಿ ಎದೆ ತಡವಿದರು. ಹಳೆಯ ಜನಿವಾರದ ಜೊತೆ ಅದೂ ಹೊಳೆ ಸೇರಿತ್ತು.

ಸಂಜೆಗೆ ಮದುವೆ ಕಾರ್ಡು ಕೊಡಬೇಕಿದ್ದ ನಮ್ಮ ಯಜಮಾನರು ಕೇಳಿದರು: “ಅಲ್ಲಾ ಸ್ವಾಮಿ, ಜನಿವಾರನಾದ್ರೆ ಹೊಸ್ದು ಹಾಕ್ಕಂಡ್ ಮ್ಯಾಲೆ ತಾನೆ ಹಳೇದು ತೆಗಿಯಾದು? ನಮ್ ಕಂಪ್ಯೂಟ್ರು ಏನ್ ಪಾಪ ಮಾಡಿತ್ತು?”

ಹೊರಗೆ ಹಾಸನದ ಬಸ್ಸು ಹಾರನ್ ಹೊಡೆಯಿತು. ಅವರು ಏಳಲಿಲ್ಲ.